ದನಿ ನಿಂತ ಮೇಲೆ

ಕಾರ್ತಿಕ ಮಾಸ ಬರುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎರೆ ಹೊಲಗಳಲ್ಲಿ ತೊಗರಿ ಆಳೆತ್ತರಕ್ಕೆ ಬಂದಿರುತ್ತದೆ. ಹೂವು ಕಾಯಿಗಟ್ಟುವ ಆ ದಿನಗಳಲ್ಲೇ ಕಾಯಿಕೊರಕದ ಕಾಟ. ಗಿಡ ಹಿಡಿದು ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಉದುರಿದ ಹುಳುಗಳನ್ನು ಬಳಿದು ತೆಗೆಯುವುದು ಇಲ್ಲಿಯ ಹಳೆಯ ರೂಢಿ. ಅದು ಸಾಲದಾಗಿ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯಲು ಸಾಲಿನೊಳಗೆ ನುಗ್ಗಿದರೆ, ತಲೆಗಿಂತ ಎತ್ತರದ ಬೆಳೆಯಲ್ಲಿ ವಿಷದ ಹನಿ ಮೊದಲು ಬೀಳುವುದು ಹೊಡೆಯುವವರ ಮೈಮೇಲೆಯೇ. ಎಣ್ಣೆ ಹೊಡೆಯುವ ಡ್ರೋನ್ ಈ ಸೀಮೆಗೆ ಒಪ್ಪುವುದು ಅದಕ್ಕಾಗಿ. 2023ರ ಕೊನೆಯಲ್ಲಿ ಕೇಂದ್ರ ಸರ್ಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ, ಬದುವಿನ ಮೇಲೆ ರೇಡಿಯೊ ಹಿಡಿದು ನಿಂತ ಹೆಣ್ಣುಮಗಳ ಚಿತ್ರವೂ ನಾಡಿಗೆ ಪರಿಚಿತವಾಗಿದೆ. ಆಕೆಯ ಎರಡು ಕೈಗಳಲ್ಲಿ ಒಂದು ಪೆಟ್ಟಿಗೆ. ದೂರದಲ್ಲಿ 10 ಲೀಟರ್ ದ್ರವ ಹೊತ್ತು ಗಿರಗುಡುವ ಯಂತ್ರ. ನಡುವೆ ದಾರವಿಲ್ಲ, ತಂತಿಯಿಲ್ಲ, ಕಣ್ಣಿಗೆ ಕಾಣುವ ಯಾವುದೂ ಇಲ್ಲ. ಆ ಕಾಣದ ಎಳೆಯನ್ನು ಯಾವ ಹಕ್ಕಿನಿಂದ ನಂಬಬಹುದು? ಮಾದರಿ ವಿಮಾನ ಹಾರಿಸುವ ಎನ್‌ಸಿಸಿ ಕೆಡೆಟ್‌ಗೂ, ಥರ್ಮಾಕೋಲ್ ರೆಕ್ಕೆ ಕತ್ತರಿಸಿ ಮೋಟಾರು ಕೂರಿಸುವ ಇಂಜಿನಿಯರಿಂಗ್ ವಿದ್ಯಾರ್ಥಿಗೂ ಇದೇ ಪ್ರಶ್ನೆ. ಯಂತ್ರದ ಗಾತ್ರ ಬೇರೆ, ರೇಡಿಯೊದ ಜಾತಿ ಒಂದೇ.

ಅಂಗಡಿಯಲ್ಲಿ ಈ ಪ್ರಶ್ನೆ ಯಾವ ರೇಡಿಯೊ ಸೆಟ್ ತೆಗೆದುಕೊಳ್ಳಲಿ ಎಂದು ಶುರುವಾಗಿ ಬೆಲೆ, ಚಾನೆಲ್‌ಗಳ ಎಣಿಕೆ, ಎಷ್ಟು ಕಿಲೋಮೀಟರ್ ದೂರ ಎಂಬಲ್ಲಿಗೆ ಮುಗಿಯುತ್ತದೆ. ಆದರೆ ಅದರ ಬೇರು ತತ್ತ್ವಶಾಸ್ತ್ರದಲ್ಲಿದೆ. ನಂಬತಕ್ಕದ್ದು ಎಂದರೆ ಏನು ಎಂದು ನಮ್ಮ ಶಾಸ್ತ್ರಕಾರರು ನೂರಾರು ವರ್ಷ ವಾದ ಮಾಡಿದ್ದಾರೆ. ಜ್ಞಾನ ಹುಟ್ಟಿದಾಗಲೇ ಪ್ರಮಾಣ, ಅದನ್ನು ಸುಳ್ಳೆನ್ನಲು ಕಾರಣ ಸಿಗುವವರೆಗೂ ಅದು ನಿಜವೇ ಎಂದರು ಕುಮಾರಿಲ ಭಟ್ಟರ ಹಾದಿಯ ಮೀಮಾಂಸಕರು. ಇದು ಸ್ವತಃ ಪ್ರಾಮಾಣ್ಯ. ಇಲ್ಲ, ಜ್ಞಾನ ನಿಜವೆಂಬುದು ಹೊರಗಿನಿಂದ ಗೊತ್ತಾಗಬೇಕು, ನೀರೆಂದು ಕಂಡದ್ದು ನೀರೇ ಹೌದೆಂಬುದು ಹೋಗಿ ಕುಡಿದಾಗ ತಿಳಿಯುತ್ತದೆ ಎಂದರು ನೈಯಾಯಿಕರು. ಇದು ಪರತಃ ಪ್ರಾಮಾಣ್ಯ. ರೇಡಿಯೊ ಸೆಟ್ಟಿನ ಮುಂದೆ ಕುಳಿತವರೆಲ್ಲ ಗೊತ್ತಿಲ್ಲದೆಯೇ ಈ ಎರಡರಲ್ಲಿ ಒಂದು ಪಕ್ಷ ಹಿಡಿಯುತ್ತಾರೆ. ರಿಸೀವರಿನ ದೀಪ ಹತ್ತಿತು, ಕಡ್ಡಿ ತಿರುಗಿಸಿದಂತೆ ಸರ್ವೊ ಎಂಬ ಚಿಕ್ಕ ಮೋಟಾರು ತಿರುಗಿತು, ಇನ್ನೇನು ಬೇಕು ಎನ್ನುವವರದು ಮೀಮಾಂಸಕರ ಪಕ್ಷ. ಹತ್ತು ಸಲ ಹಾರಿಸಿ ಹತ್ತು ಸಲ ಸುಖವಾಗಿ ಇಳಿಸಿದ ಮೇಲೆ ಮಾತ್ರ ನಂಬುತ್ತೇನೆ ಎನ್ನುವವರದು ನ್ಯಾಯದ ಪಕ್ಷ.

ಎರಡೂ ಪಕ್ಷಗಳಿಗೆ ಇಲ್ಲಿ ತೊಡಕಿದೆ. ಮೇಜಿನ ಮೇಲೆ ದೀಪ ಹತ್ತಿದ್ದು ಮೇಜಿನ ಮೇಲಿನ ಸತ್ಯ, 300 ಮೀಟರ್ ಆಚೆಯದ್ದಲ್ಲ. ಇನ್ನು ಹತ್ತು ಸಲ ಹಾರಿಸಿ ನಂಬುವುದಾದರೆ, ಮೊದಲನೆಯ ಹಾರಾಟವನ್ನು ಯಾವುದರ ಬಲದ ಮೇಲೆ ಮಾಡುವುದು? ಈ ತೊಡಕನ್ನು 9ನೆಯ ಶತಮಾನದ ಕಾಶ್ಮೀರದ ನೈಯಾಯಿಕ ಜಯಂತ ಭಟ್ಟ ತನ್ನ ನ್ಯಾಯಮಂಜರಿಯಲ್ಲಿ ನೇರವಾಗಿ ಎದುರಿಸಿದ್ದಾನೆ. ಫಲ ಕಣ್ಣಿಗೆ ಕಾಣುವ ದಿನನಿತ್ಯದ ಕೆಲಸಕ್ಕೆ ಸಂಶಯವಿದ್ದರೂ ಕೈಹಾಕಬಹುದು, ತಪ್ಪಿದರೆ ತಿದ್ದಿಕೊಳ್ಳಬಹುದು. ಬಹಳ ದುಡ್ಡು, ಬಹಳ ಶ್ರಮ ಬೇಡುವ, ಫಲ ಇಲ್ಲಿ ಕಾಣದ ಯಜ್ಞದಂಥ ಕಾರ್ಯಕ್ಕೆ ಮೊದಲೇ ನಿಶ್ಚಯ ಬೇಕು ಎಂಬುದು ಅವನ ವಿವೇಚನೆಯ ಸಾರ. ಹೊಲದ ಮೇಲಿನ ಹಾರಾಟ ಇವೆರಡರ ನಡುವೆ ಬೀಳುತ್ತದೆ. ಫಲವೇನೋ ಕಾಣುತ್ತದೆ, ಆದರೆ ತಪ್ಪಿದರೆ ತಿದ್ದಿಕೊಳ್ಳುವ ಅವಕಾಶವಿಲ್ಲ, ಪೆಟ್ಟು ಬೀಳುವುದೂ ಹಾರಿಸಿದವರ ಮೇಲೇ ಎಂದಿಲ್ಲ. ನೆರೆಯ ಸೇಡಂ ತಾಲ್ಲೂಕಿನ ಮಳಖೇಡದ ಹೆಸರಿನೊಡನೆ ಬೆಸೆದುಕೊಂಡ ಟೀಕಾಚಾರ್ಯ ಜಯತೀರ್ಥರ ದ್ವೈತ ಪರಂಪರೆಯಲ್ಲಿ ಇದಕ್ಕೊಂದು ಹದವಾದ ಉತ್ತರವಿದೆ. ಪ್ರಾಮಾಣ್ಯವನ್ನು ಗ್ರಹಿಸುವುದು ಒಳಗಿನ ಸಾಕ್ಷಿಯೇ. ಆದರೆ ಸಂಶಯ ಅಡ್ಡ ನಿಂತಾಗ ಪರೀಕ್ಷೆ ನಡೆಯಬೇಕು, ಪರೀಕ್ಷೆ ಅಡ್ಡಿಯನ್ನು ತೆಗೆದ ಮೇಲೆ ಸಾಕ್ಷಿಗೆ ನಿಶ್ಚಯ. ಅಂದರೆ ಪರೀಕ್ಷೆ ನಂಬಿಕೆಯ ವೈರಿಯಾಗಿ ಬರುವುದಿಲ್ಲ, ಅದರ ಕಣ್ಣಿನ ಕಸ ತೆಗೆಯಲು ಬರುತ್ತದೆ. ಹಾಗಾದರೆ ರೇಡಿಯೊದ ವಿಷಯದಲ್ಲಿ ಪರೀಕ್ಷಿಸಬೇಕಾದದ್ದು ಏನನ್ನು? ಅದು ಎಷ್ಟು ಚೆನ್ನಾಗಿ ಮಾತು ಕೇಳುತ್ತದೆ ಎಂಬುದನ್ನೆಂದು ಬಹುಮಂದಿ ಹೇಳುತ್ತಾರೆ. ಮಾತು ಕೇಳಿಸದಿದ್ದಾಗ ಅದು ಏನು ಮಾಡುತ್ತದೆ ಎಂಬುದನ್ನು ಎಂದು ನಾನು ಹೇಳುತ್ತೇನೆ. ರೇಡಿಯೊದ ಇತಿಹಾಸ, ರೇಡಿಯೊ ಅಲೆಯ ಗುಣ, ಈ ಸೀಮೆಯ ಧರ್ಮಗಳು ಮೂರೂ ಈ ಮಾತಿಗೆ ಸಾಕ್ಷಿ ನುಡಿಯುತ್ತವೆ.

ಇತಿಹಾಸ ಮೊದಲು. ನಿಕೋಲಾ ಟೆಸ್ಲಾ ತಂತಿಯಿಲ್ಲದೆ ದೋಣಿಯನ್ನು ನಡೆಸುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1898ರ ನವೆಂಬರ್ 8ರಂದು. ಅಲ್ಲಿಂದಲೇ ಅವನನ್ನು ಕಾಡಿದ್ದು ಬೇರೆಯವರ ಅಲೆ ತನ್ನ ಯಂತ್ರವನ್ನು ತಿರುಗಿಸಿಬಿಟ್ಟರೆ ಎಂಬ ಅಂಜಿಕೆ. ಎರಡು ಬೇರೆ ಬೇರೆ ಅಲೆಗಳು ಒಟ್ಟಿಗೆ ಬಂದರೆ ಮಾತ್ರ ಓಗೊಡುವ ರಿಸೀವರ್ ಅವನ ಮುಂದಿನ ಪೇಟೆಂಟ್‌ಗಳ ವಿಷಯವಾಯಿತು. ಆಮೇಲಿನ ದಶಕಗಳಲ್ಲಿ ಮಾದರಿ ವಿಮಾನದವರು 27, 35, 72 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಹಾರಿಸಿದರು. ಪ್ರತಿ ಸೆಟ್ಟಿಗೂ ಒಂದು ಕ್ರಿಸ್ಟಲ್, ಕ್ರಿಸ್ಟಲ್ ಹೇಳಿದ್ದೇ ಚಾನೆಲ್. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಸ್ವಿಚ್ ಹಾಕಿದರೆ ಗಾಳಿಯಲ್ಲಿದ್ದ ವಿಮಾನ ನೆಲಕ್ಕೆ. ಆದ್ದರಿಂದ ಕ್ಲಬ್ಬುಗಳಲ್ಲಿ ಒಂದು ಹಲಗೆ ನೆಟ್ಟು, ಚಾನೆಲ್ಲಿಗೊಂದರಂತೆ ಗುರುತಿನ ಚಿಮಟಿ ಸಿಕ್ಕಿಸಿ, ಚಿಮಟಿ ಕೈಗೆ ಬಾರದೆ ಯಾರೂ ಸೆಟ್ ಹೊತ್ತಿಸಬಾರದು ಎಂಬ ಕಟ್ಟಳೆ ಮಾಡಿಕೊಂಡರು. ಆ ಹಲಗೆಯನ್ನು ನೆನೆದರೆ ಗೌರವ ಬರುತ್ತದೆ. ಯಂತ್ರ ಕೊಡಲಾರದ ಭರವಸೆಯನ್ನು ಮನುಷ್ಯರು ಮಾತಿಗೆ ನಿಲ್ಲುವುದರ ಮೂಲಕ ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದರು.

ಈ ಶತಮಾನದ ಮೊದಲ ದಶಕದಲ್ಲಿ 2.4 ಗಿಗಾಹರ್ಟ್ಸ್ ಸೆಟ್ಟುಗಳು ಬಂದ ಮೇಲೆ ಹಲಗೆ ಬೇಡವಾಯಿತು. ಈ ಸೆಟ್ಟುಗಳಲ್ಲಿ ಬಹುಪಾಲು ಒಂದೇ ಕಂಪನದ ಮೇಲೆ ನಿಲ್ಲದೆ ಸೆಕೆಂಡಿಗೆ ಹತ್ತಾರು, ನೂರಾರು ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಹೀಗೆ ಜಿಗಿದು ತಪ್ಪಿಸಿಕೊಳ್ಳುವ ಉಪಾಯವನ್ನು ಟಾರ್ಪೆಡೊ ನಡೆಸುವ ಸಲುವಾಗಿ ಯೋಚಿಸಿ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬಳು ಚಿತ್ರನಟಿ ಹೆಡಿ ಲಮಾರ್, ಇನ್ನೊಬ್ಬ ಸಂಗೀತಗಾರ ಜಾರ್ಜ್ ಆಂಟೈಲ್. ಪಿಯಾನೊದ 88 ಮನೆಗಳಂತೆ 88 ಕಂಪನಗಳನ್ನು ಅವರು ಲೆಕ್ಕ ಹಾಕಿದ್ದರು. ಇಂದಿನ ಸೆಟ್ಟಿನಲ್ಲಿ ಟ್ರಾನ್ಸ್‌ಮಿಟರಿಗೆ ತನ್ನದೇ ಗುಪ್ತ ಸಂಖ್ಯೆಯಿದೆ. ಮೊದಲ ಸಲ ಎರಡನ್ನೂ ಹತ್ತಿರ ಇಟ್ಟು ಬೈಂಡ್ ಮಾಡಿದಾಗ ರಿಸೀವರ್ ಆ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. ಅಂದಿನಿಂದ ಸುತ್ತ ನೂರು ಸೆಟ್ಟು ಕೂಗಿದರೂ ಅದು ಕೇಳುವುದು ಒಂದೇ ದನಿಯನ್ನು. ಕಿವಿಯಲ್ಲಿ ಮಂತ್ರ ಹೇಳಿ ಅಂಗೈಗೆ ಲಿಂಗ ಕೊಡುವ ದೀಕ್ಷೆಯನ್ನು, ಪೀರರ ಕೈಯಲ್ಲಿ ಕೈಯಿಟ್ಟು ಮುರೀದನಾಗುವ ಬೈಅತ್ತನ್ನು ಬಲ್ಲ ಸೀಮೆಯ ಜನಕ್ಕೆ ಈ ಬೈಂಡ್ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಏಕನಿಷ್ಠೆಯೇ ಭರವಸೆಗೆ ಸಾಕು ಎಂದು ತಿಳಿಯುವ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ. ಬೇರೆಯವರ ಮಾತು ಕೇಳದಿರುವುದು ಒಂದು ಗುಣ, ತನ್ನವರ ಮಾತು ಸದಾ ಕೇಳಿಸುವುದು ಬೇರೆಯದೇ ಗುಣ. ಹಳೆಯ ಸೆಟ್ಟಿನ ಆಪತ್ತು ಪರರ ಗದ್ದಲದಿಂದ ಬರುತ್ತಿತ್ತು. ಹೊಸ ಸೆಟ್ಟಿನ ಆಪತ್ತು ಬರುವುದು ಮೌನದಿಂದ.

ಆ ಮೌನ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಸೆಟ್ ಮಾರುವವರ ಮಾತಿನಲ್ಲಿ ಇದು ಬರುವುದೇ ಇಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆ ಹೆಚ್ಚುಕಡಿಮೆ ಬೆಳಕಿನ ಹಾಗೆ ನಡೆದುಕೊಳ್ಳುತ್ತದೆ. ಅಡ್ಡ ಬಂದದ್ದರ ಹಿಂದೆ ನೆರಳು ಬೀಳುತ್ತದೆ, ನೀರು ಅದನ್ನು ಹೀರುತ್ತದೆ, ಕಾರ್ಬನ್ ಫೈಬರ್ ಅದನ್ನು ತಡೆಯುತ್ತದೆ. ಎಣ್ಣೆ ಹೊಡೆಯುವ ಡ್ರೋನ್ ಹೊತ್ತಿರುವುದೇ 10 ಲೀಟರ್ ನೀರು, ಅದರ ತೋಳುಗಳು ಬಹುಮಟ್ಟಿಗೆ ಕಾರ್ಬನ್ ಫೈಬರಿನವು. ರಿಸೀವರಿನ ಆಂಟೆನಾ ಟ್ಯಾಂಕಿನ ಹಿಂದೆ ಬೀಳುವಂತೆ ಯಂತ್ರ ತಿರುಗಿದರೆ ಅದು ತನ್ನ ಹೊರೆಯ ನೆರಳಿನಲ್ಲೇ ಕಿವುಡಾಗುತ್ತದೆ. ಒಳ್ಳೆಯ ರಿಸೀವರಿಗೆ ಎರಡು ಆಂಟೆನಾ ಇಟ್ಟು, ಒಂದಕ್ಕೊಂದು ಅಡ್ಡಲಾಗಿ 90 ಡಿಗ್ರಿ ಕೋನದಲ್ಲಿ ಕೂರಿಸಿ ಎಂದು ಹೇಳುವುದು ಈ ಕಾರಣಕ್ಕೆ. ಇನ್ನೊಂದು ಸಂಗತಿ, ಅಲೆಗೆ ಕಣ್ಣಿನ ನೇರವಷ್ಟೇ ಸಾಲದು, ಆ ನೇರದ ಸುತ್ತ ಒಂದಿಷ್ಟು ಬಯಲೂ ಬೇಕು. 300 ಮೀಟರ್ ದೂರಕ್ಕೆ ನಡುದಾರಿಯಲ್ಲಿ ಸುತ್ತಲೂ ಸುಮಾರು 3 ಮೀಟರ್ ತೆರಪು ಬೇಕೆಂದು ಲೆಕ್ಕ ಹೇಳುತ್ತದೆ. ಆಳೆತ್ತರದ ತೊಗರಿಯ ತುದಿಗಿಂತ ಎರಡು ಮೀಟರ್ ಮೇಲೆ ಡ್ರೋನ್ ಹಾರುತ್ತಿರುವಾಗ, ಹಾರಿಸುವವರು ಬೆಳೆಯ ಮಟ್ಟದ ಬದುವಿನಲ್ಲಿ ನಿಂತಿದ್ದರೆ ಆ ತೆರಪು ಎಲ್ಲಿಂದ ಬರಬೇಕು? ಡ್ರೋನ್ ಕಣ್ಣಿಗೆ ಕಾಣುತ್ತಿರುತ್ತದೆ, ಅಲೆ ಮಾತ್ರ ಇಬ್ಬನಿ ಹೊತ್ತ ಎಲೆಗಳಿಗೆ ತಾಗಿ ಸೊರಗುತ್ತದೆ. ಎತ್ತರದ ಜಾಗದಲ್ಲಿ ನಿಲ್ಲುವುದು ಎಷ್ಟೋ ಸಲ ದುಬಾರಿ ಸೆಟ್ ಕೊಳ್ಳುವುದಕ್ಕಿಂತ ದೊಡ್ಡ ಉಪಾಯ. ಹಾಗೆಯೇ ರೇಡಿಯೊ ಕೈಕೊಟ್ಟಿತು ಎಂದು ದೂರುವ ಬಹಳಷ್ಟು ಅಪಘಾತಗಳಲ್ಲಿ ನಿಜವಾಗಿ ಸೋತಿರುವುದು ಬ್ಯಾಟರಿ. ಹಲವು ಸರ್ವೊಗಳು ಒಮ್ಮೆಲೇ ಎಳೆದಾಗ ವೋಲ್ಟೇಜ್ ಕುಸಿದು, ರಿಸೀವರ್ ಆರಿಹೋಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಕ್ಷಣಗಳ ಮೌನ ವಿಮಾನವನ್ನು ಕೆಡವಲು ಸಾಕು. ಮೌನ ಅಪರೂಪವೂ ಅಲ್ಲ, ಅನಿರೀಕ್ಷಿತವೂ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅದು ಈ ಏರ್ಪಾಟಿನ ಹುಟ್ಟುಗುಣ.

ಹಾಗಾದರೆ ಮೌನ ಬಿದ್ದಾಗ ಏನು? ಕೆಲವು ಸೆಟ್ಟುಗಳು ಕೊನೆಗೆ ಕೇಳಿದ ಆಜ್ಞೆಯನ್ನೇ ಹಿಡಿದು ಕೂರುತ್ತವೆ. ಪೂರ್ತಿ ವೇಗಕ್ಕೆ ಕಡ್ಡಿ ಎತ್ತಿದ್ದಾಗ ಸಂಪರ್ಕ ಹರಿದರೆ, ಪೂರ್ತಿ ವೇಗದಲ್ಲೇ ಹೋಗುತ್ತಿರುತ್ತವೆ. ಇನ್ನು ಕೆಲವು, ಮೊದಲೇ ಹೇಳಿಟ್ಟ ಸ್ಥಿತಿಗೆ ಮರಳುತ್ತವೆ. ವಿಮಾನವಾದರೆ ಮೋಟಾರು ನಿಲ್ಲಿಸಿ ಮೆಲ್ಲಗೆ ಸುತ್ತುತ್ತಾ ಇಳಿಯುತ್ತದೆ, ಡ್ರೋನಾದರೆ ಪಂಪು ನಿಲ್ಲಿಸಿ, ಹೇಳಿದಷ್ಟು ಎತ್ತರಕ್ಕೇರಿ ಹೊರಟ ಜಾಗಕ್ಕೆ ಬರುತ್ತದೆ. ಹಾರಿಸುವವರು ಇದನ್ನು ಫೇಲ್‌ಸೇಫ್ ಎನ್ನುತ್ತಾರೆ. ಇದು ಸೆಟ್ಟಿನೊಳಗೆ ತಾನಾಗಿ ಇರುವ ಗುಣ ಎಂದು ಭಾವಿಸುವುದು ಅಪಾಯ. ಬಹುಪಾಲು ಸೆಟ್ಟುಗಳಲ್ಲಿ ಇದನ್ನು ಕೊಂಡವರೇ ಹೊಂದಿಸಬೇಕು. ಮರಳುವ ಎತ್ತರವನ್ನು 15 ಮೀಟರಿಗೆ ಇಟ್ಟು, ಹೊಲದ ನಡುವಿನ ಬೇವಿನ ಮರ ಅದಕ್ಕಿಂತ ಎತ್ತರವಿದ್ದರೆ, ಮರಳಿ ಬಾ ಎಂಬ ಮಾತೇ ಮರಕ್ಕೆ ಹೊಡೆ ಎಂಬ ಮಾತಾಗುತ್ತದೆ. ಕೊನೆಯ ಆಜ್ಞೆಗೆ ಜೋತುಬೀಳುವ ಯಂತ್ರದ ವಿಧೇಯತೆಯಲ್ಲಿ ಒಂದು ಕುರುಡಿದೆ. ಹೇಳಿದವರು ಇಲ್ಲ, ಹೇಳಿದ ಸಂದರ್ಭ ಮುಗಿದಿದೆ, ಆದರೂ ಅಕ್ಷರವನ್ನು ಹಿಡಿದು ನಡೆಯುವುದು ಅದರ ನಿಷ್ಠೆ. ಧರ್ಮಗಳ ಚರಿತ್ರೆಯಲ್ಲೂ ಈ ಬಗೆಯ ನಿಷ್ಠೆ ಎಷ್ಟು ಹಾನಿ ಮಾಡಿದೆ ಎಂಬುದು ಎಲ್ಲರಿಗೂ ಗೊತ್ತು. ಹೇಳಿದವರು ಕಣ್ಮರೆಯಾದಾಗ ಮೊದಲು ಕೇಡು ಮಾಡದಂತೆ ನಿಲ್ಲು ಎಂದು ಮೊದಲೇ ಕಲಿಸಿಟ್ಟದ್ದು ಎರಡನೆಯ ಬಗೆ.

ಗುರು ಕಣ್ಮರೆಯಾದ ಮೇಲೆ ಹೇಗೆ ಎಂಬ ಪ್ರಶ್ನೆಯನ್ನು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಷ್ಟು ನೇರವಾಗಿ ಎದುರಿಸಿದ ಕ್ಷೇತ್ರ ಇನ್ನೊಂದು ಸಿಗುವುದು ಕಷ್ಟ. ಭೀಮಾ ಅಮರ್ಜಾ ಸಂಗಮದ ಈ ಊರಿನಲ್ಲಿದ್ದ ನರಸಿಂಹ ಸರಸ್ವತಿಗಳು ಶ್ರೀಶೈಲದ ಕಡೆಗೆ ಹೊರಟಾಗ ತಮ್ಮ ನಿರ್ಗುಣ ಪಾದುಕೆಗಳನ್ನು ಬಿಟ್ಟುಹೋದರು ಎಂಬುದು ಭಕ್ತರ ನಂಬಿಕೆ. ಗುರು ಇಂದಿಗೂ ನಿತ್ಯ ಸಂಗಮದಲ್ಲಿ ಮೀಯುತ್ತಾರೆ, ಮಧ್ಯಾಹ್ನ ಊರಿನಲ್ಲಿ ಭಿಕ್ಷೆಗೆ ಬರುತ್ತಾರೆ ಎಂದು ಅವರು ಹೇಳುತ್ತಾರೆ. ಯಾವ ರೂಪದಲ್ಲಿ ಬರುತ್ತಾರೆಂದು ಮಾತ್ರ ಯಾರಿಗೂ ತಿಳಿಯದು. ಹಾಗಾಗಿ ಭಕ್ತರು ಅಲ್ಲಿ ಮಧುಕರಿ ಬೇಡುತ್ತಾರೆ, ಮಧುಕರಿ ನೀಡುತ್ತಾರೆ, ಬೇಡಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಈ ನಂಬಿಕೆಯ ರಚನೆಯನ್ನು ಗಮನಿಸಬೇಕು. ಗುರುವಿನ ಸನ್ನಿಧಿಯನ್ನು ಯಾವ ಉಪಕರಣದಿಂದಲೂ ಅಳೆಯಲಾಗದು. ಅಳೆಯಲಾಗದೆ ಇರುವುದರಿಂದಲೇ ನಡತೆಯನ್ನು ಮೊದಲೇ ಗೊತ್ತುಮಾಡಿ ಇಡಲಾಗಿದೆ, ಆ ನಡತೆಯೂ ಯಾರಿಗೂ ಕೇಡಾಗದ ನಡತೆ. ಬಂದವರು ಗುರುವೇ ಆಗಿದ್ದರೆ ಸೇವೆ ಸಂದಿತು, ಆಗಿರದಿದ್ದರೆ ಹಸಿದವರೊಬ್ಬರು ಉಂಡರು. ನಂಬಿಕೆ ನಿಜವಾದರೂ ಸುಳ್ಳಾದರೂ ಫಲ ಒಳ್ಳೆಯದೇ ಆಗುವಂತೆ ಏರ್ಪಡಿಸಿದ ಇಂಥ ವ್ಯವಸ್ಥೆಯನ್ನು ನಾನು ಶ್ರದ್ಧೆಯ ಅತ್ಯಂತ ಪಕ್ವ ರೂಪ ಎಂದು ಎಣಿಸುತ್ತೇನೆ. ರೇಡಿಯೊ ಸೆಟ್ಟಿನ ಫೇಲ್‌ಸೇಫ್ ಇದೇ ಕಟ್ಟಿನ ಚಿಕ್ಕ ಪ್ರತಿರೂಪ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಶ್ರದ್ಧೆಯನ್ನು ಯಂತ್ರದ ಪಕ್ಕದಲ್ಲಿ ಕೂರಿಸಿದರೆ ಶ್ರದ್ಧೆ ಕಿರಿದಾಗುವುದಿಲ್ಲವೇ? ಪರೀಕ್ಷಿಸಿ ನಂಬುವುದು ವ್ಯಾಪಾರ, ಪರೀಕ್ಷಿಸದೆ ನಂಬುವುದೇ ಭಕ್ತಿ ಎಂದು ಹೇಳುವವರು ಕಡಿಮೆಯಿಲ್ಲ. ಅವರ ಮಾತಿನಲ್ಲಿ ಹುರುಳಿದೆ. ಅಳೆದು ತೂಗಿ ಯಾರೂ ತಾಯಿಯನ್ನು ಪ್ರೀತಿಸುವುದಿಲ್ಲ. ಆದರೆ ಈ ಸೀಮೆಯ ಧರ್ಮಗಳು ತಮ್ಮ ಬಗ್ಗೆ ತಾವು ಹೇಳಿಕೊಂಡದ್ದು ಬೇರೆ. ಆಳಂದದ ಲಾಡ್ಲೆ ಮಶಾಯಿಕ್ ದರ್ಗಾಕ್ಕೆ, 1422ರಲ್ಲಿ ತೀರಿಕೊಂಡ ಬಂದೇ ನವಾಜರ ಕಲಬುರಗಿಯ ದರ್ಗಾಕ್ಕೆ ನಡೆದುಕೊಳ್ಳುವ ಜನರ ಪರಂಪರೆಯಲ್ಲಿ ಗುರುವಿನಿಂದ ಗುರುವಿಗೆ ಬಂದ ಸರಪಳಿಗೆ ಸಿಲ್ಸಿಲಾ ಎಂದು ಹೆಸರು. ಪ್ರವಾದಿಯವರ ಮಾತೆಂದು ಹೇಳಲಾದ ಪ್ರತಿ ಹದೀಸಿಗೂ ಅದನ್ನು ಹೇಳಿದವರ ಸರಪಳಿ ಬೇಕು. ಆ ಸರಪಳಿಯ ಒಂದೊಂದು ಕೊಂಡಿಯನ್ನೂ ವಿದ್ವಾಂಸರು ಎರಡು ಕಡೆಯಿಂದ ಒರೆಗೆ ಹಚ್ಚಿದರು, ಹೇಳಿದವನ ಶೀಲ ಸರಿಯೇ ಎಂದು ಒಂದು ಕಡೆಯಿಂದ, ಅವನ ನೆನಪು ಚೊಕ್ಕವೇ ಎಂದು ಇನ್ನೊಂದು ಕಡೆಯಿಂದ. ಸತ್ಪುರುಷನಾಗಿದ್ದೂ ನೆನಪು ಸಡಿಲವಾಗಿದ್ದವನ ಮಾತನ್ನು ಅವರು ದುರ್ಬಲವೆಂದರು, ಕೊಂಡಿ ಎಲ್ಲಿ ಕಳಚಿದೆಯೆಂದು ಗುರುತು ಹಾಕಿದರು. ಪ್ರೀತಿ ಇದ್ದುದಕ್ಕೇ ಅವರು ಪರೀಕ್ಷಿಸಿದ್ದು. ಪರೀಕ್ಷೆ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ವಿಮಾನದ್ದೇ ಉದಾಹರಣೆಯಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ, ಭರದ್ವಾಜ ಮಹರ್ಷಿಯದೆಂದು ಹೇಳಲಾದ ವೈಮಾನಿಕ ಶಾಸ್ತ್ರವನ್ನು ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಹೊರತಂದರು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಸಾವಧಾನವಾಗಿ ಓದಿ, ಪಠ್ಯ 20ನೆಯ ಶತಮಾನದ್ದು, ಅದರಲ್ಲಿ ವಿವರಿಸಿದ ವಿಮಾನಗಳಿಗೆ ಹಾರುವ ಗುಣವಿಲ್ಲ ಎಂದು ತೋರಿಸಿದರು. ಭರದ್ವಾಜರ ಹೆಸರಿನ ಮೇಲೆ ನಿಜವಾದ ಗೌರವವಿದ್ದವರಿಗೆ ಆ ಐವರ ದುಡಿಮೆ ಸೇವೆಯಾಗಿಯೇ ಕಾಣಬೇಕು.

ಇನ್ನೊಂದು ಆಕ್ಷೇಪ ಸರಳವಾದದ್ದು, ಬೇಗ ಮುಗಿಯುವಂಥದ್ದು. ಹೆಸರಾಂತ ಕಂಪನಿಯ ದುಬಾರಿ ಸೆಟ್ ಕೊಂಡರೆ ಈ ಚಿಂತೆ ಏಕೆ ಎಂಬುದು. ಒಳ್ಳೆಯ ಸೆಟ್ ಕೊಳ್ಳಲೇಬೇಕು. ಮಾತು ಕೇಳಿಸಿತೆಂದು ಮರಳಿ ತಿಳಿಸುವ, ಬ್ಯಾಟರಿಯ ವೋಲ್ಟೇಜ್ ಹೇಳುವ ಟೆಲಿಮೆಟ್ರಿ ಇರುವ ಸೆಟ್ಟಿಗೆ ನಾಲ್ಕು ದುಡ್ಡು ಹೆಚ್ಚು ಕೊಡುವುದು ಸಾರ್ಥಕ. ಆದರೆ ಹೆಸರು ಎಂಬುದು ಆಪ್ತವಾಕ್ಯವಷ್ಟೇ. ಆಪ್ತರ ಮಾತು ಪ್ರಮಾಣವಾಗುವುದು ಅವರು ಬಲ್ಲ ವಿಷಯದಲ್ಲಿ ಮಾತ್ರ. ಎಲ್ಲೋ ಬಯಲಿನಲ್ಲಿ ತಮ್ಮ ಸೆಟ್ ಪರೀಕ್ಷಿಸಿದ ಕಂಪನಿಯವರಿಗೆ ಜೇವರ್ಗಿಯ ತೊಗರಿಯ ಎತ್ತರ ಗೊತ್ತಿಲ್ಲ. ಹೊರದೇಶದ ಹೆಸರನ್ನೇ ನಂಬಿದರೆ ಇನ್ನೊಂದು ಗುಂಡಿಯೂ ಇದೆ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಪಟ್ಟಿ ಪರವಾನಗಿ ಇಲ್ಲದೆ ಬಳಸಲು ಮುಕ್ತ, ಹಾಗಾಗಿ ಅಲ್ಲಿಯ ದೂರಗಾಮಿ ಸೆಟ್ಟುಗಳು 915ರ ಸುತ್ತ ಮಾತಾಡುತ್ತವೆ. ನಮ್ಮಲ್ಲಿ ಆ ಪಟ್ಟಿಯ ಒಂದು ಭಾಗ ಮೊಬೈಲ್ ಫೋನುಗಳದ್ದು. ಇಲ್ಲಿ ಮುಕ್ತವಾಗಿರುವ ಪಟ್ಟಿಗಳಲ್ಲಿ 865ರಿಂದ 868 ಮೆಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್ ಸೇರಿವೆ. ಇನ್ನೊಬ್ಬರ ಮಾತಿನ ಜಾಗದಲ್ಲಿ ನಿಂತು ತನ್ನ ಯಂತ್ರವನ್ನು ಕೂಗುವುದು ಕಾನೂನಿಗೂ ತಪ್ಪು, ಧರ್ಮಕ್ಕೂ ತಪ್ಪು.

ಮೂರನೆಯ ಆಕ್ಷೇಪ ಆಳದ್ದು. ಆಡಿಸುವವನು ಮೇಲಿದ್ದಾನೆ, ಮನುಷ್ಯ ನಿಮಿತ್ತ ಮಾತ್ರ ಎಂದು ನಂಬುವ ನಾಡಿನಲ್ಲಿ ಯಂತ್ರ ಬಿದ್ದರೆ ಅದು ವಿಧಿ ಎನ್ನಬಾರದೇಕೆ? ಎಲ್ಲ ಜೀವಿಗಳನ್ನೂ ಯಂತ್ರದ ಮೇಲೆ ಕೂರಿಸಿದಂತೆ ಈಶ್ವರ ತಿರುಗಿಸುತ್ತಾನೆಂಬ ಚಿತ್ರ ಭಗವದ್ಗೀತೆಯಲ್ಲಿಯೇ ಇದೆ. ಟೆಸ್ಲಾ ಕೂಡ 1900ರಲ್ಲಿ ಬರೆದ ದೀರ್ಘ ಪ್ರಬಂಧವೊಂದರಲ್ಲಿ, ತಾನೇ ಹೊರಗಿನ ಪ್ರೇರಣೆಗಳಿಂದ ಚಲಿಸುವ ಯಂತ್ರವೆಂಬ ಅನುಭವದಿಂದಲೇ ದೂರನಿಯಂತ್ರಣದ ಯಂತ್ರ ತನಗೆ ಹೊಳೆಯಿತು ಎಂದಿದ್ದಾನೆ. ಆದರೆ ಗೀತೆಯ ಆ ಚಿತ್ರ ಬಂದ ಮೇಲೂ ಅರ್ಜುನನಿಗೆ ಸಿಗುವ ಮಾತು, ಎಲ್ಲವನ್ನೂ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎಂಬುದು. ನಿಮಿತ್ತನಾದವನ ಹೆಗಲಿನಿಂದ ವಿಮರ್ಶೆಯ ಹೊಣೆ ಇಳಿಯುವುದಿಲ್ಲ. ಈ ಹೊಣೆಯನ್ನು ಇನ್ನಷ್ಟು ನಿಖರವಾಗಿ ಹೇಳಿದವರು ಜೈನರು. ಜಿನಸೇನರ ಶಿಷ್ಯನೆಂದು ಹೆಸರಾದ ಅಮೋಘವರ್ಷ ಆಳಿದ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ಇಲ್ಲಿಂದ ದೂರವಿಲ್ಲ. ಜೈನರ ತತ್ತ್ವಾರ್ಥಸೂತ್ರ ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಮಾದವನ್ನು, ಎಂದರೆ ಮೈಮರೆವನ್ನು, ಅದರ ಒಳಗೇ ಸೇರಿಸುತ್ತದೆ. ಮೈಯೆಲ್ಲ ಎಚ್ಚರವಾಗಿ ನಡೆಯುವವರ ಪಾದದಡಿ ತಿಳಿಯದೆ ಒಂದು ಜೀವ ಸಿಕ್ಕರೆ ಅದರ ತೂಕ ಬೇರೆ, ಎಚ್ಚರವಿಲ್ಲದೆ ನಡೆದವರಿಂದ ಯಾವ ಜೀವ ಹೋಗದಿದ್ದರೂ ದೋಷ ಅಂಟಿತು. ನಾಲ್ಕು ಮೊಳ ಮುಂದಿನ ನೆಲ ನೋಡುತ್ತಾ ನಡೆಯಬೇಕೆಂದು ಮುನಿಗಳಿಗೆ ಈರ್ಯಾಸಮಿತಿಯನ್ನು ವಿಧಿಸಿದ್ದು ಇದೇ ತಿಳಿವಿನಿಂದ. ಈ ಅಳತೆಯಲ್ಲಿ ನೋಡಿದರೆ ಫೇಲ್‌ಸೇಫ್ ಹೊಂದಿಸದೆ ಹಾರಿಸಿ ಸುಖವಾಗಿ ಇಳಿಸಿದ ನೂರು ಹಾರಾಟಗಳೂ ನೂರು ಪ್ರಮಾದಗಳೇ. ಇಲ್ಲಿ ನೈಯಾಯಿಕರ ಫಲದ ಲೆಕ್ಕ ಸೋಲುತ್ತದೆ. ನೂರು ಸಲ ಗೆದ್ದದ್ದು ಭರವಸೆಗೆ ಸಾಕ್ಷಿಯಾಗುವುದಿಲ್ಲ, ನೂರು ಸಲವೂ ಮೌನ ಬೀಳಲಿಲ್ಲ ಎಂಬುದಕ್ಕಷ್ಟೇ ಸಾಕ್ಷಿ.

ಆದ್ದರಿಂದ ಸೆಟ್ ಆರಿಸುವಾಗ ಮೊದಲು ಕೇಳಬೇಕಾದದ್ದು, ಮೌನದ ನಡತೆಯನ್ನು ಹಾರಿಸುವವರೇ ಗೊತ್ತುಮಾಡುವ ಅವಕಾಶ ಅದರಲ್ಲಿದೆಯೇ, ಗೊತ್ತುಮಾಡಿದ್ದನ್ನು ನೆಲದ ಮೇಲೆ ಪರೀಕ್ಷಿಸಿ ನೋಡಬಹುದೇ ಎಂದು. ಪರೀಕ್ಷೆಗಳು ಕಠಿಣವಲ್ಲ. ಸೆಟ್ಟಿನ ಶಕ್ತಿಯನ್ನು ತಗ್ಗಿಸುವ ರೇಂಜ್ ಟೆಸ್ಟ್ ಸ್ಥಿತಿಯಲ್ಲಿಟ್ಟು ಸುಮಾರು ಮೂವತ್ತು ಹೆಜ್ಜೆ ಹಿಂದೆ ಸರಿಯಬೇಕು. ಒಬ್ಬರು ಯಂತ್ರವನ್ನು ಎತ್ತಿ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿಸುತ್ತಿರಲು ಇನ್ನೊಬ್ಬರು ಕಡ್ಡಿ ಆಡಿಸಿ ನೋಡಬೇಕು, ಟ್ಯಾಂಕು ತುಂಬಿರುವಾಗ ಒಮ್ಮೆ, ಬರಿದಾಗಿರುವಾಗ ಒಮ್ಮೆ. ಡ್ರೋನ್ ಎತ್ತಲು ಭಾರವಾದರೆ ಅದನ್ನು ನೆಲದಲ್ಲೇ ಬಿಟ್ಟು, ಸೆಟ್ ಹಿಡಿದವರೇ ಸುತ್ತು ಹಾಕಬಹುದು. ಆಮೇಲಿನದು ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರೊಪೆಲ್ಲರುಗಳನ್ನು ಬಿಚ್ಚಿಟ್ಟು, ಮೋಟಾರು ತಿರುಗುತ್ತಿರುವಾಗಲೇ ಕೈಯಲ್ಲಿನ ಸೆಟ್ಟನ್ನು ಬಂದ್ ಮಾಡಬೇಕು. ತನ್ನ ದನಿಯನ್ನು ತಾನೇ ನಿಲ್ಲಿಸಿ, ತಾನಿಲ್ಲದ ಕ್ಷಣದಲ್ಲಿ ಏನಾಗುತ್ತದೆಂದು ಕಣ್ಣಾರೆ ನೋಡಬೇಕು. ಮೋಟಾರು ನಿಂತಿತೇ, ಎಷ್ಟು ಹೊತ್ತಿಗೆ ನಿಂತಿತು, ಪಂಪೂ ನಿಂತಿತೇ?

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದನ್ನು ಯಾವ ಸೆಟ್ಟೂ ಮಾಡಿಕೊಡಲಾರದು. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳು 250 ಗ್ರಾಂ ಮೀರಿದ ಡ್ರೋನುಗಳಿಗೆ ಮೂರನೆಯವರ ವಿಮೆ ಬೇಕೆನ್ನುತ್ತವೆ. ಆ ಮೂರನೆಯವರು ಯಾರೆಂದು ಬದುವಿನ ಮೇಲೆ ನಿಂತರೆ ಕಾಣುತ್ತದೆ. ಪಕ್ಕದ ಹೊಲದಲ್ಲಿ ಸಾಲಾಗಿ ಕುಳಿತು ಕಸ ತೆಗೆಯುವ ಹೆಣ್ಣಾಳುಗಳು, ಬುತ್ತಿ ಗಂಟಿನ ಬಳಿ ಆಡುತ್ತಿರುವ ಅವರ ಮಕ್ಕಳು. ಸೆಟ್ ಆರಿಸಿದವರು ಅವರಲ್ಲ, ಫೇಲ್‌ಸೇಫ್ ಎಂಬ ಮಾತನ್ನು ಅವರು ಕೇಳಿರಲಿಕ್ಕಿಲ್ಲ. ಆದರೂ ತಲೆಯ ಮೇಲೆ ಹಾರುವ ಯಂತ್ರ ಬೀಳುವುದಿಲ್ಲ ಎಂದು ನಂಬಿ ಕೆಲಸ ಮುಂದುವರಿಸುವವರು ಅವರೇ. ಹಾರಿಸುವ ಮುಂಚೆ ಬದು ದಾಟಿ ಅವರ ಬಳಿಗೆ ಹೋಗಬೇಕು. ಅಕ್ಕಾ, ಇನ್ನು ಸ್ವಲ್ಪ ಹೊತ್ತಿಗೆ ಎಣ್ಣೆ ಹೊಡೆಯುತ್ತೇವೆ, ಗಾಳಿ ಈ ಕಡೆಗಿದೆ, ಯಂತ್ರ ಕೆಟ್ಟರೆ ಆ ಬೇವಿನ ಮರದ ಆಚೆ ಇಳಿಯುತ್ತದೆ, ಮಕ್ಕಳನ್ನು ಅತ್ತ ಬಿಡಬೇಡಿ ಎಂದು ಹೇಳಬೇಕು. ಅವರು ಬೇಡವೆಂದರೆ ಅವರ ಕೆಲಸ ಮುಗಿಯುವವರೆಗೂ ಕಾಯಬೇಕು.